ನಾಡಿ ಸೊನ್ನೆ ಎಂದರೆ ನಂಟೂ ಸೊನ್ನೆಯೇ?

ಈ ವಾರ ಗುರುಬಲದ ಬಗ್ಗೆ ಬರೆಯುತ್ತೇನೆ ಎಂದಿದ್ದೆ. ವೈಶಾಖದ ಲಗ್ನಗಳು ಹತ್ತಿರ ಬಂದಾಗ ಎಲ್ಲರಿಗೂ ಬೇಕಾದ ವಿಷಯ ಅದು. ಆದರೆ ಯಲ್ಲಾಪುರ ಕಡೆಯ ಓದುಗರೊಬ್ಬರ ಫೋನು ಬಂದ ಮೇಲೆ ಅದನ್ನು ಬದಿಗಿಡಬೇಕಾಯಿತು. ಮಗಳದು ಉತ್ತರಾಷಾಢ ಮೂರನೇ ಪಾದ. ಸಿದ್ದಾಪುರ ಸೀಮೆಯ ಮಾಣಿಯದು ಶ್ರವಣ ಮೊದಲನೇ ಪಾದ. ಇಬ್ಬರದೂ ಮಕರ ರಾಶಿ. ಎರಡೂ ಮನೆಯವರಿಗೆ ಮನಸ್ಸಿತ್ತು. ಮಾಣಿಯ ಕಡೆಯವರು ಮೊಬೈಲಿನಲ್ಲಿ ಮೇಳಾಮೇಳಿ ನೋಡಿದಾಗ ನಾಡಿಯೆದುರು ಕೆಂಪು ಸೊನ್ನೆ ಬಂತು. ಮಾತುಕತೆ ಅಲ್ಲಿಗೇ ನಿಂತಿತು.

ಈ ಜೋಡಿಯನ್ನೇ ಕೂತು ನೋಡೋಣ. ವರ್ಣ ಒಂದೇ, ವಶ್ಯ ಒಂದೇ, ಇಬ್ಬರಿಗೂ ರಾಶ್ಯಧಿಪತಿ ಶನಿ. ಕೂಸಿನ ನಕ್ಷತ್ರದಿಂದ ಎಣಿಸಿದರೆ ಮಾಣಿಯದು ಸಂಪತ್ ತಾರೆ, ಅತ್ತ ಕಡೆಯಿಂದ ಎಣಿಸಿದರೆ ಪರಮಮೈತ್ರ. ಅವಳದು ಮನುಷ್ಯಗಣ, ಅವನದು ದೇವಗಣ. ಮುಂಗುಸಿ ಯೋನಿಗೂ ಕಪಿ ಯೋನಿಗೂ ವೈರವಿಲ್ಲ. ಏಳು ಕೂಟಗಳ 28 ಗುಣಗಳಲ್ಲಿ ಸುಮಾರು 25 ಕೈಗೆ ಬಂದವು. ಎಂಟನೆಯದಾದ ನಾಡಿಯಲ್ಲಿ ಮಾತ್ರ ಇಬ್ಬರದೂ ಅಂತ್ಯನಾಡಿ, 8ಕ್ಕೆ 0.

ಇಲ್ಲಿಗೆ ಲೆಕ್ಕ ಮುಗಿಯಿತು, ಶಾಸ್ತ್ರ ಮುಗಿಯಲಿಲ್ಲ. ಅಷ್ಟಕೂಟಕ್ಕೆ ಎಲ್ಲರೂ ಆಧಾರವಾಗಿ ಹಿಡಿಯುವ 'ಮುಹೂರ್ತಚಿಂತಾಮಣಿ'ಯನ್ನು ಕಾಶಿಯಲ್ಲಿ ರಾಮದೈವಜ್ಞ 1600ರಲ್ಲಿ ಬರೆದು ಮುಗಿಸಿದ. ಅದರ ವಿವಾಹ ಪ್ರಕರಣದಲ್ಲಿ ಆತ ಸ್ಪಷ್ಟವಾಗಿಯೇ ಹೇಳುತ್ತಾನೆ: ರಾಶಿ ಒಂದಾಗಿ ನಕ್ಷತ್ರ ಬೇರೆಯಾದರೆ ನಾಡೀದೋಷವಿಲ್ಲ, ಗಣದೋಷವೂ ಇಲ್ಲ. ನಕ್ಷತ್ರ ಒಂದಾಗಿ ರಾಶಿ ಬೇರೆಯಾದರೂ ಹಾಗೆಯೇ. ನಕ್ಷತ್ರವೂ ಒಂದೇ ಆಗಿ ಪಾದ ಬೇರೆಯಿದ್ದರೆ ಶುಭ. ನಮ್ಮ ಜೋಡಿ ಮೊದಲನೆಯ ಮಾತಿಗೇ ಸೇರುತ್ತದೆ. ತಮಿಳರ ದಶಕೂಟಕ್ಕೆ ಹೋದರೆ ಆ ಹತ್ತರಲ್ಲಿ ನಾಡಿಯ ಲೆಕ್ಕವೇ ಇಲ್ಲ, ರಜ್ಜುವಿನದೇ ದೊಡ್ಡ ಮಾತು. ಅಲ್ಲಿಯೂ ಉತ್ತರಾಷಾಢ ಒಂದು ರಜ್ಜು, ಶ್ರವಣ ಇನ್ನೊಂದು. ದೋಷವೆಂದು ಹಿಡಿಯಲು ಎಲ್ಲಿಯೂ ಎಡೆಯಿಲ್ಲದ ನಂಟನ್ನು ಒಂದು ಸೊನ್ನೆ ಮುರಿದು ಹಾಕಿತು.

ಇಪ್ಪತ್ತೇಳು ನಕ್ಷತ್ರಗಳನ್ನು ಮೂರು ನಾಡಿಗಳಿಗೆ ಒಂಬತ್ತೊಂಬತ್ತರಂತೆ ಹಂಚಲಾಗಿದೆ. ಅಂದರೆ ಯಾವ ಮೂರು ಜೋಡಿ ಎತ್ತಿಕೊಂಡರೂ ಸರಾಸರಿ ಒಂದಕ್ಕೆ ಏಕನಾಡಿ ಬಂದೇ ಬರುತ್ತದೆ. ನಮ್ಮ ಹವ್ಯಕರಲ್ಲಿ ಇರುವುದು ಏಳೇ ಗೋತ್ರ. ಸಗೋತ್ರ ಬಿಟ್ಟು, ಹತ್ತಿರದ ಸಂಬಂಧ ಬಿಟ್ಟು, ವಯಸ್ಸು ನೋಡಿ ಉಳಿಯುವವರು ಎಷ್ಟು ಜನ? ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಲ್ಲಿ ತೋಟ ನೋಡಿಕೊಂಡಿರುವ ಮಾಣಿಗಳಿಗೆ ಕೂಸು ಸಿಗುವುದೇ ಕಷ್ಟವೆಂಬುದು ಎಲ್ಲರಿಗೂ ಗೊತ್ತು. ಹೀಗಿರುವಾಗ ಅಪವಾದ ಓದದೆ ಮೂರರಲ್ಲಿ ಒಂದನ್ನು ಬಾಗಿಲಲ್ಲೇ ತಿರುಗಿಸಿ ಕಳಿಸುವುದು ಶಾಸ್ತ್ರಭಕ್ತಿಯಲ್ಲ. ಗ್ರಂಥದ ಅರ್ಧ ಪುಟ ಹರಿದು ಓದಿದ ಹಾಗೆ.

ನಾಡಿಯೆಂದರೆ ರಕ್ತದ ಗುಂಪು, ವಂಶವಾಹಿ ಎಂದು ಉಪನ್ಯಾಸ ಕೊಡುವವರ ಜೊತೆ ನನ್ನ ಜಗಳ ಹಳೆಯದು. ಒಂದೇ ತಾಯಿಯ ಮಕ್ಕಳು ಬೇರೆ ಬೇರೆ ನಕ್ಷತ್ರದಲ್ಲಿ ಹುಟ್ಟಿ ಅಣ್ಣ ಆದಿನಾಡಿ, ತಂಗಿ ಅಂತ್ಯನಾಡಿ ಆಗುತ್ತಾರೆ. ವಂಶದ ಗುಣ ಹೇಳುವ ಲೆಕ್ಕ ಇದಾಗಿದ್ದರೆ ಹಾಗಾಗುತ್ತಿತ್ತೇ? ರಕ್ತದ ಅನುಮಾನವಿದ್ದರೆ ರಕ್ತ ಪರೀಕ್ಷೆ ಮಾಡಿಸಿ, ಡಾಕ್ಟರನ್ನು ಕೇಳಿ. ಚಂದ್ರನ ನಕ್ಷತ್ರಕ್ಕೆ ಅದರ ಹೊರೆ ಹೊರಿಸಬೇಡಿ.

ಮೊಬೈಲಿನ ಲೆಕ್ಕದಿಂದ ಹೋದ ಇನ್ನೊಂದು ಬೆಲೆಯುಳ್ಳ ವಸ್ತು ನಮ್ಮ ಸೀಮೆಯ ಮರ್ಯಾದೆ. 'ಜಾತಕ ಹೊಂದ್ತಿಲ್ಲೆ' ಎಂಬ ಒಂದು ಮಾತಿನಲ್ಲಿ ಹಿಂದಿನವರು ಎಷ್ಟೋ ನಂಟುಗಳನ್ನು ನೋವಿಲ್ಲದೆ ಬಿಡಿಸಿಕೊಂಡರು. ಕೂಸಿಗೆ ಮನಸ್ಸಿಲ್ಲದಿರಬಹುದು, ಮಾಣಿಗೆ ಬೇರೆ ಕಡೆ ಮನಸ್ಸಿರಬಹುದು, ಮನೆಯೇ ಹಿಡಿಸದಿರಬಹುದು. ಯಾವುದನ್ನೂ ಬಾಯಿಬಿಟ್ಟು ಹೇಳಬೇಕಿರಲಿಲ್ಲ. ತಪ್ಪು ಗ್ರಹಗಳ ಮೇಲೆ ಹೋಗುತ್ತಿತ್ತು. ಎರಡು ಮನೆಯವರು ಮುಂದಿನ ತಿಂಗಳು ಯಾರದೋ ಉಪನಯನದ ಪಂಕ್ತಿಯಲ್ಲಿ ಮುಖ ನೋಡಿ ನಗಬಹುದಿತ್ತು. ಈಗ ಎದುರಿನವರೂ ಒಂದು ನಿಮಿಷದಲ್ಲಿ ಗುಣ ಎಣಿಸಿ, 'ಇಪ್ಪತ್ತೆಂಟು ಬಂದಿದೆಯಲ್ಲ, ಮತ್ತೆ ಯಾಕೆ ಬೇಡವೆಂದಿರಿ' ಎಂದು ಕೇಳುತ್ತಾರೆ. ಹೊಂದದ್ದನ್ನು ಹೊಂದುತ್ತದೆ, ಹೊಂದುವುದನ್ನು ಹೊಂದುವುದಿಲ್ಲ ಎನ್ನುವ ಅಂಕಿಗೆ ನಮ್ಮ ನಾಲಿಗೆಯ ಸೌಜನ್ಯವನ್ನೂ ಒಪ್ಪಿಸಿಬಿಟ್ಟಿದ್ದೇವೆ.

ಕೂಟಗಳಿಗಿಂತ ಎಷ್ಟೋ ಹಳೆಯದಾದ ಆಶ್ವಲಾಯನ ಗೃಹ್ಯಸೂತ್ರವನ್ನು ನಾನು ಮತ್ತೆ ಮತ್ತೆ ತೆಗೆಯುವುದು ಅಂಕಿಗಿಂತ ಮನಸ್ಸು ದೊಡ್ಡದೆಂದು ನೆನಪಿಸಿಕೊಳ್ಳಲು. ಲಕ್ಷಣಗಳನ್ನು ತಿಳಿಯುವುದು ಕಷ್ಟವೆಂದು ಸೂತ್ರಕಾರ ಮೊದಲೇ ಒಪ್ಪಿಕೊಳ್ಳುತ್ತಾನೆ. ಆಮೇಲೆ ಎಂಟು ಮಣ್ಣಿನ ಉಂಡೆ ಮಾಡಿ ಕನ್ಯೆಯ ಮುಂದಿಡಲು ಹೇಳುತ್ತಾನೆ. ಎರಡು ಬೆಳೆ ಕೊಡುವ ಗದ್ದೆಯದು, ಕೊಟ್ಟಿಗೆಯದು, ಯಜ್ಞ ಮುಗಿದ ವೇದಿಯದು, ಬತ್ತದ ಮಡುವಿನದು. ಜೂಜುಕಟ್ಟೆಯದು, ನಾಲ್ಕು ದಾರಿ ಕೂಡುವಲ್ಲಿನದು, ಬಂಜರಿನದು, ಸ್ಮಶಾನದ್ದು. ಒಂದನ್ನು ಆರಿಸು ಎನ್ನಬೇಕು. ಗದ್ದೆಯ ಮಣ್ಣೆತ್ತಿದರೆ ಸಂತತಿಗೆ ಅನ್ನ, ಕೊಟ್ಟಿಗೆಯದಾದರೆ ಪಶು, ವೇದಿಯದಾದರೆ ಬ್ರಹ್ಮವರ್ಚಸ್ಸು, ಮಡುವಿನದಾದರೆ ಸಕಲ ಸಮೃದ್ಧಿ. ಉಳಿದವು ಕೇಡಿನ ಸೂಚನೆ. ಶಕುನ ನೋಡುವ ಕ್ರಮವೇ ಇದು, ನಿಜ. ಆದರೂ ಮಣ್ಣೆತ್ತುವ ಕೈ ಅವಳದು. ಆಪಸ್ತಂಬ ಗೃಹ್ಯಸೂತ್ರ ಇನ್ನೂ ಮುಂದೆ ಹೋಗುತ್ತದೆ: ಯಾರಲ್ಲಿ ಮನಸ್ಸೂ ಕಣ್ಣೂ ನೆಟ್ಟವೋ ಅವಳಿಂದಲೇ ಏಳಿಗೆ, ಬೇರೆಯದನ್ನು ಗಣಿಸಬೇಡ ಎಂಬ ಕೆಲವರ ಮತವನ್ನು ಎಲ್ಲ ಲಕ್ಷಣ ಹೇಳಿ ಮುಗಿಸಿದ ಮೇಲೆ ಕೊನೆಗೆ ಇಟ್ಟಿದೆ. ಸೂತ್ರಕಾರರು ಕೊನೆಗಿಡುವ ಮಾತಿಗೆ ತೂಕ ಹೆಚ್ಚೆಂದು ನಾನು ಓದಿಕೊಂಡಿದ್ದೇನೆ.

ಆದ್ದರಿಂದ ಕ್ರಮವನ್ನು ತಿರುಗಿಸಿ. ಮೊದಲು ಮಾಣಿಯೂ ಕೂಸೂ ಕೂತು ಮಾತಾಡಲಿ. ಅವಳು ಅವನ ಮನೆಗೆ ಬಂದು ತೋಟ, ಕೊಟ್ಟಿಗೆ, ಸೊಪ್ಪಿನ ಬೆಟ್ಟದವರೆಗೆ ಓಡಾಡಿ ಬರಲಿ. ಮಳೆಗಾಲದಲ್ಲೇ ಬಂದರೆ ಇನ್ನೂ ಒಳ್ಳೆಯದು. ಇಬ್ಬರೂ ಸೈ ಎಂದ ಮೇಲೆ ಜಾತಕ ಹಿಡಿದು ಭಟ್ಟರ ಹತ್ತಿರ ಹೋಗಿ. ಗುಣ ಎಷ್ಟು ಬಂತೆಂದು ಕೇಳಬೇಡಿ. ಯಾವ ದೋಷಕ್ಕೆ ಯಾವ ಅಪವಾದವಿದೆ, ಸಪ್ತಮ ಹೇಗಿದೆ, ಆಯುಸ್ಸು ಹೇಗಿದೆ ಎಂದು ಕೇಳಿ. ಬಗ್ಗೋಣ ಪಂಚಾಂಗದ ಜೊತೆಗೆ ಮೂಲಗ್ರಂಥವನ್ನೂ ತೆಗೆದು ಶ್ಲೋಕ ತೋರಿಸುವ ಭಟ್ಟರು ನಮ್ಮ ಮೂರೂ ತಾಲೂಕುಗಳಲ್ಲಿ ಇನ್ನೂ ಇದ್ದಾರೆ. ಯಲ್ಲಾಪುರದ ಆ ತಂದೆಗೂ ಇದನ್ನೇ ಹೇಳಿದೆ: ಸಿದ್ದಾಪುರಕ್ಕೆ ನೀವೇ ಫೋನು ಮಾಡಿ, ರಾಮದೈವಜ್ಞನ ಶ್ಲೋಕ ಓದಿ ಹೇಳಿ, ಮಾತುಕತೆ ಮತ್ತೆ ಶುರುಮಾಡಿ. ಮೊದಲು ಫೋನು ಮಾಡಿದರೆ ಕೂಸಿನ ಕಡೆಯವರ ಮರ್ಯಾದೆಯೇನೂ ಕಡಿಮೆಯಾಗುವುದಿಲ್ಲ.