‘ಸೂಪರ್ ಮಗಾ’ ಅಂದ್ರೆ ವಿಮರ್ಶೆ ಆಗಲ್ಲ

ಮೊನ್ನೆ ಭಾನುವಾರ ನಾವು ನಾಲ್ಕು ಜನ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಶಿವಾಜಿನಗರದಿಂದ ಹಲಸೂರಿನವರೆಗೆ ನಡೆದೆವು. ಸಂಜೆ ಇಂದಿರಾನಗರದ ಗೆಳೆಯನ ಮನೆಯಲ್ಲಿ ಲ್ಯಾಪ್‌ಟಾಪ್ ತೆರೆದು ಒಬ್ಬೊಬ್ಬರ ಫೋಟೋ ನೋಡ್ತಾ ಕೂತೆವು. ಪ್ರತಿ ಫೋಟೋಗೂ ಒಂದೇ ಮಾತು: “ಸೂಪರ್ ಮಗಾ!” ಹತ್ತನೇ ‘ಸೂಪರ್’ ಹೊತ್ತಿಗೆ ಗೆಳತಿ ರೇಗಿದಳು. “ಚೆನ್ನಾಗಿದೆ ಅಂತ ನಮ್ಮಮ್ಮನೂ ಹೇಳ್ತಾರೆ. ಎಲ್ಲಿ ಎಡವಿದೀನಿ ಅಂತ ಹೇಳ್ರೋ.”

ಸರಿ, ಅವಳ ಫೋಟೋದಿಂದಲೇ ಶುರು ಮಾಡಿದೆವು. ಶಿವಾಜಿನಗರದ ಸೇಂಟ್ ಮೇರಿ ಬೆಸಿಲಿಕಾದ ಗೋಪುರ. ಚಿತ್ರದಲ್ಲಿ ಅದು ಸ್ವಲ್ಪ ಹಿಂದಕ್ಕೆ ವಾಲಿತ್ತು. ಎತ್ತರದ ಕಟ್ಟಡ ಪೂರ್ತಿ ಹಿಡಿಯೋಕೆ ಕ್ಯಾಮೆರಾದ ಮೂತಿ ಮೇಲಕ್ಕೆತ್ತಿದರೆ ಹೀಗೇ ಆಗುತ್ತದೆ. ನೇರ ಗೆರೆಗಳು ಮೇಲೆ ಹೋಗ್ತಾ ಒಂದಕ್ಕೊಂದು ಹತ್ತಿರವಾಗುತ್ತವೆ. ಹಿಂದೆ ಸರಿದು ಕ್ಯಾಮೆರಾ ಮಟ್ಟವಾಗಿ ಹಿಡಿ ಅನ್ನೋದು ಪುಸ್ತಕದ ಸಲಹೆ. ಶಿವಾಜಿನಗರದಲ್ಲಿ ಹಿಂದೆ ಸರಿದರೆ ಬೆನ್ನಿಗೆ ಆಟೋ! ಲೈಟ್‌ರೂಮ್‌ನಲ್ಲಿ ನೇರ ಮಾಡಬಹುದು, ಆದರೆ ಅಂಚು ಕತ್ತರಿಸಿಹೋಗುತ್ತದೆ. ಹಾಗಾಗಿ ತೆಗೆಯುವಾಗಲೇ ಸುತ್ತ ಜಾಗ ಬಿಟ್ಟಿರಬೇಕು.

ಇದನ್ನೆಲ್ಲ ಹೇಳುವ ಮುಂಚೆ ನಾನು ಕೇಳಿದೆ: “ನಿಂಗೆ ಏನು ಬೇಕಿತ್ತು?” “ಕತ್ತೆತ್ತಿ ನೋಡಿದಾಗ ಒಂಥರಾ ತಲೆ ಸುತ್ತಿತು. ಅದು ಬೇಕಿತ್ತು” ಅಂದಳು. ಹಾಗಾದರೆ ಸಲಹೆ ಪೂರ್ತಿ ಉಲ್ಟಾ. ವಾಲಿದ್ದು ತಪ್ಪಲ್ಲ, ವಾಲಿದ್ದು ಸಾಲದು. ಅರ್ಧಂಬರ್ಧ ವಾಲಿದರೆ ನೋಡುವವರಿಗೆ ಕೈ ತಪ್ಪಿದೆ ಅನ್ನಿಸುತ್ತದೆ. ಗೋಪುರದ ಬುಡಕ್ಕೇ ಹೋಗಿ ಲೆನ್ಸನ್ನು ಆಕಾಶಕ್ಕೆ ತಿರುಗಿಸಿದ್ದರೆ ಅವಳ ಉದ್ದೇಶ ಕಾಣುತ್ತಿತ್ತು.

ಎರಡನೆಯದು ಹಲಸೂರಿನ ಸೋಮೇಶ್ವರ ದೇವಸ್ಥಾನದ ಗೋಪುರ. ನಾವು ತಲುಪಿದಾಗ ಸೂರ್ಯ ನೆತ್ತಿಯ ಮೇಲೆ. ಆಕಾಶ ಬೆಳ್ಳಗೆ ಸುಟ್ಟಿತ್ತು, ಗೋಪುರದ ಶಿಲ್ಪಗಳು ಕಪ್ಪು ಮಚ್ಚೆಗಳಾಗಿದ್ದವು. “ಶ್ಯಾಡೋಸ್ ಎತ್ತಿದ್ರೆ ಸರಿಹೋಗುತ್ತಾ ಗುರು?” ಅಂದ ತೆಗೆದವನು. ಸ್ಲೈಡರ್ ಎಳೆದರೆ ಕಪ್ಪು ಹೋಗಿ ಬೂದಿ ಬಣ್ಣ ಬರುತ್ತದೆ, ಉಬ್ಬುತಗ್ಗು ಬರೋದಿಲ್ಲ. ಅದು ಬರೋದು ಓರೆ ಬಿಸಿಲಿನಿಂದ. ‘ಬೆಳಕು ಸರಿಯಿಲ್ಲ’ ಅಂದಿದ್ದರೆ ಅವನಿಗೆ ಬೇಜಾರು ಮಾತ್ರ ಉಳೀತಿತ್ತು. ‘ಬೆಳಗ್ಗೆ ಏಳೂವರೆಗೆ ಇನ್ನೊಂದು ಸಲ ಹೋಗು, ಮೆಟ್ರೋ ಸ್ಟೇಷನ್ ಪಕ್ಕದಲ್ಲೇ ಇದೆ’ ಅಂದರೆ ಅವನಿಗೊಂದು ಕೆಲಸ ಸಿಗುತ್ತದೆ.

ಮೂರನೆಯದು ಮನೆಯೊಡೆಯನದು, ಹಿಂದಿನ ವಾರ ತೆಗೆದದ್ದು. ಕೆ.ಆರ್. ಪುರದ ತೂಗುಸೇತುವೆ. 2003ರಲ್ಲಿ ಓಡಾಟಕ್ಕೆ ತೆರೆದ ಈ ಸೇತುವೆಯನ್ನು ಬೆಂಗಳೂರಿನಲ್ಲಿ ಕ್ಯಾಮೆರಾ ಕೊಂಡವರೆಲ್ಲ ಒಮ್ಮೆ ತೆಗೆದಿರುತ್ತಾರೆ. ಇವನ ಕೇಬಲ್‌ಗಳು ವೀಣೆಯ ತಂತಿಯಷ್ಟು ಶುದ್ಧ. ಆದರೆ ಕೆಳಗಡೆ ಯಾರೂ ಇಲ್ಲ. ಬ್ಯಾಗ್ ಹಿಡಿದು ರೈಲ್ವೆ ಸ್ಟೇಷನ್ ಕಡೆ ಓಡುವವರಿಲ್ಲ, ಬಸ್ಸಿಗೆ ಕಾಯುವವರಿಲ್ಲ. “ಇದು ಯಾವ ಊರಾದ್ರೂ ಆಗಬಹುದು ಕಣೋ. ಜನ ಎಲ್ಲಿ?” ಅಂದೆ. ಅವನು ತಣ್ಣಗೆ ಹೇಳಿದ: “ಕ್ರಾಪ್ ಮಾಡ್ದೆ. ಫ್ರೇಮಲ್ಲಿ ಕಸ ಇರಬಾರದು ಅಂತ ನೀನೇ ಅಲ್ವಾ ಕಲಿಸಿದ್ದು?”

ನನಗೆ ಮಾತೇ ಹೊರಡಲಿಲ್ಲ. ಹೌದು, ನಾನೇ. 2006ರಲ್ಲಿ, ಕಾಲೇಜಿನ ದಿನಗಳಲ್ಲಿ, ಅವನು ಸಿ.ಎಂ.ಎಚ್. ರಸ್ತೆಯ ಒಂದು ಫೋಟೋ ತೋರಿಸಿದ್ದ. ಎಡಕ್ಕೆ ಒಂದು ಮರ, ಬಲಕ್ಕೆ ಅಂಗಡಿ ಸಾಲು, ಬೋರ್ಡುಗಳು, ನಿಂತ ಸ್ಕೂಟರ್‌ಗಳು. ಎರಡು ಪುಸ್ತಕ ಓದಿ ಬೀಗುತ್ತಿದ್ದ ನಾನು ಏನನ್ನೂ ಕೇಳದೆ ತೀರ್ಪು ಕೊಟ್ಟೆ: “ಬಲಗಡೆ ಪೂರ್ತಿ ಕಸ. ಕತ್ತರಿಸು.” ಅವನು ಕತ್ತರಿಸಿ ಅದೇ ಫೈಲಿನ ಮೇಲೆ ಸೇವ್ ಮಾಡಿದ. ಆಮೇಲೆ ಮೆಟ್ರೋ ಕೆಲಸ ಬಂತು. 2011ರ ಅಕ್ಟೋಬರ್‌ನಲ್ಲಿ ಎಂ.ಜಿ. ರಸ್ತೆಯಿಂದ ಬೈಯಪ್ಪನಹಳ್ಳಿಗೆ ಮೊದಲ ರೈಲು ಓಡುವಾಗ ಆ ರಸ್ತೆಯ ಮೇಲೆ ಆಕಾಶದ ಬದಲು ಕಾಂಕ್ರೀಟ್ ಇತ್ತು. ಅವನ ಫೋಟೋದಲ್ಲಿ ಈಗ ಉಳಿದಿರುವುದು ಒಂದು ಚಂದದ ಮರ. ಅಂಥ ಮರ ಯಾವ ರಸ್ತೆಯಲ್ಲೂ ಇರುತ್ತದೆ. ಆ ರಸ್ತೆ ಇದ್ದದ್ದು ನಾನು ಕಸ ಅಂದ ಬಲಗಡೆಯಲ್ಲಿ.

ಆನ್ಸೆಲ್ ಆ್ಯಡಮ್ಸ್ 1941ರಲ್ಲಿ ತೆಗೆದ ‘ಮೂನ್‌ರೈಸ್, ಹರ್ನಾಂಡೆಜ್’ ಚಿತ್ರದ ನೆಗೆಟಿವನ್ನು ದಶಕಗಳ ಕಾಲ ಮತ್ತೆ ಮತ್ತೆ ಪ್ರಿಂಟ್ ಮಾಡಿದ. ವರ್ಷ ಕಳೆದಂತೆ ಅವನ ಪ್ರಿಂಟುಗಳಲ್ಲಿ ಆಕಾಶ ಕಪ್ಪಾಗುತ್ತಾ ಹೋಯಿತು. ಅವನು ಮನಸ್ಸು ಬದಲಾಯಿಸಬಹುದಾಗಿತ್ತು, ಯಾಕಂದ್ರೆ ನೆಗೆಟಿವ್ ಅವನ ಕೈಯಲ್ಲೇ ಇತ್ತು. ನನ್ನ ಗೆಳೆಯನಿಗೆ ನಾನು ಅದನ್ನೂ ಉಳಿಸಲಿಲ್ಲ.

ಅದಕ್ಕೇ ಈಗ ಯಾರ ಫೋಟೋ ನೋಡಿದರೂ ಮೊದಲು ‘ಏನು ಬೇಕಿತ್ತು’ ಅಂತ ಕೇಳ್ತೀನಿ. ಆಮೇಲೆ ನನ್ನ ಕಣ್ಣು ಎಲ್ಲಿ ನಿಂತಿತು, ಎಲ್ಲಿಂದ ಜಾರಿತು ಅಂತ ಹೇಳ್ತೀನಿ. ನಾಳೆಯೇ ಮಾಡಬಹುದಾದ ಒಂದು ಕೆಲಸ ಹೇಳಿ ಬಾಯಿ ಮುಚ್ತೀನಿ. ಕತ್ತರಿಸು ಅನ್ನಬೇಕಾದರೆ, ಕಾಪಿ ಇಟ್ಟುಕೊಂಡು ಕತ್ತರಿಸು ಅಂತೀನಿ.

ನಾನು ಸುಮ್ಮನಾದದ್ದು ನೋಡಿ ಅವನೇ ಎದ್ದು ಹೋಗಿ ಹಾರ್ಡ್‌ಡಿಸ್ಕ್ ತಂದ. “ಈ ಸಲ ಒರಿಜಿನಲ್ ಇಟ್ಟಿದೀನಿ ಮಾರಾಯ” ಅಂದು ಪೂರ್ತಿ ಫ್ರೇಮ್ ತೆರೆದ. ಸೇತುವೆಯ ಕೆಳಗೆ, ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡ ಹೆಂಗಸೊಬ್ಬಳು ಬಸ್ಸಿಗೆ ಕೈ ಅಡ್ಡ ಹಿಡಿದಿದ್ದಳು. ಆ ಹೊತ್ತಿನಲ್ಲಿ ಯಾರೂ ‘ಸೂಪರ್’ ಅನ್ನಲಿಲ್ಲ.