ಎರಡು ಪಿನ್ ಕೋಡ್‌ಗಳ ನಡುವಿನ 1

ಹೊಳಲ್ಕೆರೆಯ ಪಿನ್ ಕೋಡ್ 577526, ಹೊಸದುರ್ಗದ್ದು 577527. ಈ ಎರಡನ್ನೂ ಶೇಷವಿಲ್ಲದೆ ಭಾಗಿಸುವ, 1ಕ್ಕಿಂತ ದೊಡ್ಡ ಸಂಖ್ಯೆ ಇದೆಯೇ? ಒಂದೊಂದಾಗಿ ಭಾಗಿಸಿ ನೋಡುವುದೇ ಬೇಡ. ಅಂಥ ಸಂಖ್ಯೆಯಿದ್ದರೆ ಅದು ಇವೆರಡರ ವ್ಯತ್ಯಾಸವನ್ನೂ ಭಾಗಿಸಲೇಬೇಕು. ವ್ಯತ್ಯಾಸವೋ ಬರೀ 1. ಅಲ್ಲಿಗೆ ಮುಗಿಯಿತು! ಈ ಜೋಡಿಗಷ್ಟೇ ಅಲ್ಲ, ಅಕ್ಕಪಕ್ಕದ ಯಾವ ಎರಡು ಸಂಖ್ಯೆಗಳಿಗೂ ಇದೇ ಮಾತು. ಭಾಜ್ಯತೆಯ ಸಾಧನೆಗಳಲ್ಲಿ ಇದರಷ್ಟು ಚೊಕ್ಕವಾದದ್ದು ನನಗೆ ಇನ್ನೊಂದು ಕಂಡಿಲ್ಲ.

ಹೊಸದುರ್ಗದ ಅಂಕಿಗಳನ್ನು ಕೂಡಿದರೆ 33, ಆದ್ದರಿಂದ 3ರಿಂದ ಭಾಗವಾಗುತ್ತದೆ. ಸೂತ್ರ ಎಲ್ಲರಿಗೂ ಗೊತ್ತು, ಕಾರಣ ಅದಕ್ಕಿಂತ ಸೊಗಸು: 10, 100, 1000 ಯಾವುದನ್ನು 3ರಿಂದ ಭಾಗಿಸಿದರೂ ಉಳಿಯುವುದು 1. ಹಾಗಾಗಿ 5 ಲಕ್ಷದ ಸ್ಥಾನದಲ್ಲಿದ್ದರೂ ಶೇಷದ ಲೆಕ್ಕಕ್ಕೆ ಬರೀ 5.

ನಿಜವಾದ ಹೇಳಿಕೆಗೆ ಇಂಥ ಕಾರಣ ಬೇಕು; ಸುಳ್ಳು ಹೇಳಿಕೆ ಬೀಳಲು ಒಂದೇ ಉದಾಹರಣೆ ಸಾಕು. 4 ಮತ್ತು 6 ಭಾಗಿಸಿದ್ದನ್ನೆಲ್ಲ 24 ಭಾಗಿಸುತ್ತದೆಯೇ? ಇಲ್ಲ, 12 ನೋಡಿ.

ದೊರೆ ಅಮೋಘವರ್ಷನ ಕಾಲದ ಗಣಿತಜ್ಞ ಮಹಾವೀರಾಚಾರ್ಯ ತನ್ನ 'ಗಣಿತಸಾರಸಂಗ್ರಹ'ದಲ್ಲಿ ಹಾರದಂಥ ಗುಣಲಬ್ಧಗಳನ್ನು ಪೋಣಿಸಿದ್ದಾನೆ: 152207 × 73 = 11111111. ಈ ಎಂಟು ಒಂದುಗಳನ್ನು 11 ಕೂಡ ಭಾಗಿಸುತ್ತದೆ, ಎರಡೆರಡಾಗಿ ಬಿಡಿಸಿದರೆ ಎಲ್ಲವೂ 11ರ ಜೋಡಿಗಳು. ಒಂಬತ್ತಿದ್ದರೆ ಭಾಗಿಸದು, ಒಂದು 1 ಜೋಡಿಯಿಲ್ಲದೆ ಉಳಿಯುತ್ತದೆ.