ಒಂದು ಪದ, ಎರಡು ಆವೃತ್ತಿ: ಜಪಾನಿನ ಇಂಗ್ಲಿಷ್ ಪತ್ರಿಕೆಗಳ ವಿವರಣಾವಾಕ್ಯ

2014ರ ನವೆಂಬರಿನಲ್ಲಿ ಜಪಾನಿನ ಯೊಮಿಯುರಿ ಶಿಂಬುನ್ ತನ್ನ ಇಂಗ್ಲಿಷ್ ಪತ್ರಿಕೆಯ ಪರವಾಗಿ ಕ್ಷಮೆ ಕೋರಿತು. ಯುದ್ಧಕಾಲದಲ್ಲಿ ಜಪಾನಿ ಸೇನೆಯ ವೇಶ್ಯಾಗೃಹಗಳಲ್ಲಿದ್ದ ಸ್ತ್ರೀಯರನ್ನು ಕುರಿತು 1992ರಿಂದ 2013ರ ನಡುವೆ ಪ್ರಕಟವಾದ 97 ಬರಹಗಳಲ್ಲಿ ‘ಲೈಂಗಿಕ ಗುಲಾಮರು’ ಎಂಬ ಪದ ಅಥವಾ ಅದಕ್ಕೆ ಸಮನಾದ ಮಾತು ಬಂದದ್ದು ಅನುಚಿತವೆಂದು ಪತ್ರಿಕೆ ಹೇಳಿತು. ಅದು ಕೊಟ್ಟ ಕಾರಣ ಭಾಷಾಂತರದ ವಿದ್ಯಾರ್ಥಿಗಳು ಲಕ್ಷಿಸಬೇಕಾದದ್ದು: ಜಪಾನಿ ಪದದ ನೇರ ಇಂಗ್ಲಿಷ್ ರೂಪ ಹೊರಗಿನ ಓದುಗರಿಗೆ ತಿಳಿಯದು ಎಂದು ಮೂಲದಲ್ಲಿಲ್ಲದ ವಿವರಣೆಯನ್ನು ಸೇರಿಸಲಾಗಿತ್ತು.

ಆ ಪದ ‘ಇಯಾನ್‌ಫು’. ‘ಇಯಾನ್’ ಎಂದರೆ ಸಾಂತ್ವನ, ‘ಫು’ ಎಂದರೆ ಸ್ತ್ರೀ. ಸಾಂತ್ವನ ಯಾರಿಗೆ? ಸೈನಿಕನಿಗೆ. ಪದ ಹುಟ್ಟಿದ್ದೇ ಅವನ ಕಡೆಯಿಂದ. ಜಪಾನಿ ಓದುಗ ಈ ಮುಸುಕಿನ ಹಿಂದಿರುವುದನ್ನು ಬಳಕೆಯಿಂದಲೇ ಬಲ್ಲ. ಇಂಗ್ಲಿಷಿನಲ್ಲಿ ಮುಸುಕು ಮಾತ್ರ ದಾಟುತ್ತದೆ, ತಿಳಿವಳಿಕೆ ದಾಟುವುದಿಲ್ಲ. ‘ಸಾಂತ್ವನದ ಹೆಂಗಸು’ ಎಂದು ಕನ್ನಡಿಸಿದರೂ ಇದೇ ಪಾಡು. ಯಾರು, ಯಾರಿಗೆ, ಏನು ಮಾಡಿದರು ಎಂಬುದನ್ನು ಮೂಲ ಹೇಳದೆ ಬಿಟ್ಟಿದ್ದಾಗ ಇಂಗ್ಲಿಷ್ ವಿಭಾಗದವರು ಹೇಳಲೇಬೇಕಾಯಿತು. ಅವರು ಮಾಡಿದ್ದು ಭಾಷಾಂತರಕಾರನ ಸಾಮಾನ್ಯ ಕರ್ತವ್ಯ. ಅದನ್ನು ಮೂಲಕ್ಕೆ ಬಗೆದ ಅಪಚಾರವೆಂದು ಕಂಡದ್ದು ವಿಚಿತ್ರ.

ಅದೇ ವರ್ಷದ ಆಗಸ್ಟಿನಲ್ಲಿ ಅಸಾಹಿ ಶಿಂಬುನ್, ಯೊಶಿದಾ ಸೆಯ್ಜಿಯ ಸುಳ್ಳು ಸಾಕ್ಷ್ಯವನ್ನು ನಂಬಿ ಬರೆದ ವರದಿಗಳನ್ನು ಹಿಂತೆಗೆದುಕೊಂಡಿತ್ತು. ಅದು ಸಂಗತಿಯ ತಪ್ಪು. ಯೊಮಿಯುರಿಯದು ಪದದ ಪ್ರಶ್ನೆ. ಒಬ್ಬ ಸಾಕ್ಷಿ ಸುಳ್ಳಾಡಿದ ಮಾತ್ರಕ್ಕೆ ಪದ ಸುಳ್ಳಾಗದು. ಸೇನೆಯ ಪಾತ್ರವನ್ನೂ ಅನೇಕ ಸ್ತ್ರೀಯರನ್ನು ಇಚ್ಛೆಗೆ ವಿರುದ್ಧವಾಗಿ ಸೇರಿಸಿಕೊಂಡದ್ದನ್ನೂ 1993ರ ಕೋನೋ ಹೇಳಿಕೆಯಲ್ಲಿ ಸರಕಾರವೇ ಒಪ್ಪಿತ್ತು.

ಇಂಗ್ಲಿಷ್ ಪುಟ ತವರಿನ ಕಣ್ಣಿಗೆ ಬೀಳದೆ ಉಳಿಯುವುದರಿಂದ ಬರುವುದು ಸ್ವಾತಂತ್ರ್ಯವೊಂದೇ ಅಲ್ಲ. ಮೈನಿಚಿಯ ಇಂಗ್ಲಿಷ್ ಜಾಲತಾಣದ ‘ವಾಯ್‌ವಾಯ್’ ಅಂಕಣ ಅಗ್ಗದ ವಾರಪತ್ರಿಕೆಗಳ ಲೈಂಗಿಕ ಗಾಳಿಸುದ್ದಿಗಳನ್ನು ವರ್ಷಗಟ್ಟಲೆ ಇಂಗ್ಲಿಷಿಗೆ ಇಳಿಸಿತು. 2008ರಲ್ಲಿ ಜಪಾನಿ ಓದುಗರು ತಿರುಗಿಬಿದ್ದ ಮೇಲೆಯೇ ಅದು ನಿಂತಿತು.

1897ರಲ್ಲಿ ಆರಂಭವಾದ ಜಪಾನ್ ಟೈಮ್ಸ್‌ಗೆ ಬೆರಳು ಮಾಡಿ ತೋರಿಸಲು ಜಪಾನಿ ಮೂಲವೂ ಇಲ್ಲ. ಅದು ಇಂಗ್ಲಿಷಿನದೇ ಪತ್ರಿಕೆ. 2018ರ ನವೆಂಬರಿನಲ್ಲಿ ಅದು ಈ ಸ್ತ್ರೀಯರಿಗೆ ಹೊಸ ವಿವರಣೆ ಗೊತ್ತುಮಾಡಿತು: ಯುದ್ಧಕಾಲದ ವೇಶ್ಯಾಗೃಹಗಳಲ್ಲಿ ಕೆಲಸ ಮಾಡಿದವರು, ಇಚ್ಛೆಯಿಲ್ಲದೆ ಮಾಡಿದವರೂ ಸೇರಿದಂತೆ. ಇಲ್ಲಿ ‘ಕೆಲಸ ಮಾಡು’ ಎಂಬುದು ಪ್ರಧಾನ ಕ್ರಿಯೆ. ಬಲಾತ್ಕಾರ ಬಾಲದಲ್ಲಿ ಬರುವ ಉಪವಾಕ್ಯ. ಬಲಾತ್ಕಾರವೇ ಅಪವಾದವೆಂಬ ಭಾವ ವ್ಯಾಕರಣದಿಂದಲೇ ಹುಟ್ಟುತ್ತದೆ. ಪತ್ರಿಕೆಯೊಳಗೂ ಹೊರಗೂ ಎದ್ದ ಆಕ್ಷೇಪ ಈ ಕ್ರಿಯಾಪದದ ಸುತ್ತಲೇ ಇತ್ತು. 2020ರಲ್ಲಿ ವಿವರಣೆ ಮತ್ತೆ ಬದಲಾಗಿ, ‘ಕೆಲಸ ಮಾಡಿದ’ ಎಂಬಲ್ಲಿ ಸೇನೆಯ ವೇಶ್ಯಾಗೃಹ ವ್ಯವಸ್ಥೆಯಲ್ಲಿ ‘ಯಾತನೆ ಅನುಭವಿಸಿದ’ ಎಂಬುದು ಬಂದಿತು.